ಗದ್ದುಗೆಯ ನ್ಯಾಯ, ಸಹೋದರಿಯ ಪಾಲು

ಭೋಪಾಲದ ಬೇಗಂಗಳ ಹೆಸರೆತ್ತಿದರೆ ನಮ್ಮ ಸಭೆಗಳಲ್ಲಿ ಹೆಮ್ಮೆ ಉಕ್ಕಿ ಹರಿಯುತ್ತದೆ. ಇಸ್ಲಾಮ್ ಮಹಿಳೆಗೆ ಏನು ಕೊಟ್ಟಿದೆ ಎಂದು ಯಾರಾದರೂ ಕೆಣಕಿದರೆ ಸಾಕು, ನಮ್ಮ ಭಾಷಣಕಾರರು ಒಡನೆಯೇ ಭೋಪಾಲಕ್ಕೆ ಧಾವಿಸುತ್ತಾರೆ. 1819ರಲ್ಲಿ ಪತಿ ಆಕಸ್ಮಿಕ ಗುಂಡೇಟಿಗೆ ಬಲಿಯಾದಾಗ ಹಸುಗೂಸಿನ ಪರವಾಗಿ ರಾಜ್ಯಭಾರದ ಹೊಣೆ ಹೊತ್ತ ಕುದ್ಸಿಯಾ ಬೇಗಂ, 1863-64ರಲ್ಲಿ ಹಜ್ ಯಾತ್ರೆ ಕೈಗೊಂಡ ಸಿಕಂದರ್ ಬೇಗಂ, ತಾಜುಲ್ ಮಸಾಜಿದ್‌ನ ನಿರ್ಮಾಣವನ್ನು ಆರಂಭಿಸಿದ ಶಾಹ್‌ಜಹಾನ್ ಬೇಗಂ, 1920ರಲ್ಲಿ ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯದ ಪ್ರಥಮ ಕುಲಾಧಿಪತಿಯಾದ ಸುಲ್ತಾನ್ ಜಹಾನ್ ಬೇಗಂ. ನಡುವಣ ಕೆಲವು ವರ್ಷಗಳನ್ನು ಬಿಟ್ಟರೆ ಒಂದು ಶತಮಾನಕ್ಕೂ ಮಿಕ್ಕಿ ಅಜ್ಜಿ, ತಾಯಿ, ಮಗಳು, ಮೊಮ್ಮಗಳು ಎಂಬ ಕ್ರಮದಲ್ಲಿ ಮಹಿಳೆಯರು ಆಳಿದ ಸಂಸ್ಥಾನ ಅದು. ಹೆಮ್ಮೆಪಡತಕ್ಕ ವಿಷಯವೇ ಸರಿ, ಸಂಶಯವಿಲ್ಲ.

ಆದರೆ ಆ ಭಾಷಣಗಳಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಒಬ್ಬ ಮಗಳು ಗದ್ದುಗೆಯೇರಿದಾಗ ಆಕೆಯ ಸಹೋದರಿಗೆ ಏನು ಸಿಕ್ಕಿತು? ಒಬ್ಬ ಮಹಿಳೆ ಸಿಂಹಾಸನವನ್ನೇರುವುದು ಚರಿತ್ರೆಯ ಒಂದು ಘಟನೆ. ಎಲ್ಲ ಹೆಣ್ಣುಮಕ್ಕಳಿಗೂ ಅವರವರ ಪಾಲು ತಲುಪುವುದು ಶರೀಅತ್‌ನ ಆಜ್ಞೆ. ಇವೆರಡೂ ಒಂದೇ ಎಂದು ಭಾವಿಸಿದ್ದು ನಮ್ಮ ಬಹುದೊಡ್ಡ ಭ್ರಮೆ. ಆ ಭ್ರಮೆಯ ಬೆಲೆಯನ್ನು ಭೋಪಾಲದ ಆ ಕುಟುಂಬವೇ ಇಂದು ನ್ಯಾಯಾಲಯಗಳಲ್ಲಿ ತೆರುತ್ತಿದೆ. ಹೆಸರಿಲ್ಲದ ಸಾವಿರಾರು ಸಹೋದರಿಯರು ತಮ್ಮ ತವರಿನ ಹೊಸ್ತಿಲಲ್ಲಿ ದಿನವೂ ತೆರುತ್ತಿದ್ದಾರೆ.

ಮೂವರು ಸಹೋದರಿಯರ ಮನೆ

ಸುಲ್ತಾನ್ ಜಹಾನ್ ಬೇಗಂರಿಗೆ ಮೂವರು ಗಂಡುಮಕ್ಕಳು. ಹಿರಿಯರಿಬ್ಬರೂ 1924ರಲ್ಲಿ ತೀರಿಕೊಂಡರು. ಆಗ ಗದ್ದುಗೆ ಯಾರಿಗೆ ಎಂಬ ವಿವಾದ ಹುಟ್ಟಿತು. ಹಿರಿಯ ಮಗನ ಮಗನಿಗೋ, ಬದುಕಿರುವ ಕಿರಿಯ ಮಗ ಹಮೀದುಲ್ಲಾ ಖಾನರಿಗೋ? ಬೇಗಂ ಅವರು ಲಂಡನ್ನಿಗೇ ತೆರಳಿ, ಮಗ ಜೀವಂತವಿರುವಾಗ ಮೊಮ್ಮಗ ವಾರಸುದಾರನಾಗುವುದಿಲ್ಲವೆಂಬ ಇಸ್ಲಾಮೀ ನಿಯಮವನ್ನು ಬ್ರಿಟಿಷರ ಮುಂದೆ ಇಟ್ಟು ವಾದಿಸಿದರು. ವಾದ ಗೆದ್ದಿತು. 1926ರಲ್ಲಿ ಅವರು ಪದತ್ಯಾಗ ಮಾಡಿ ಮಗನನ್ನು ನವಾಬರನ್ನಾಗಿ ಮಾಡಿದರು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಶರೀಅತ್‌ನ ವಾರೀಸು ಕಾನೂನನ್ನು ಆ ದಿನ ಅರಮನೆಯೊಳಗೆ ಕರೆತರಲಾಯಿತು, ನಿಜ. ಆದರೆ ಎಷ್ಟರಮಟ್ಟಿಗೆ? ಗದ್ದುಗೆ ಯಾರಿಗೆ ಎಂದು ತೀರ್ಮಾನಿಸುವಷ್ಟರಮಟ್ಟಿಗೆ ಮಾತ್ರ. ಸೊತ್ತನ್ನು ಯಾರು ಯಾರಿಗೆ ಹಂಚಬೇಕು ಎಂದು ಅದು ಹೇಳತೊಡಗುವ ಮೊದಲೇ ಬಾಗಿಲು ಮುಚ್ಚಲಾಯಿತು. ದೇವಾಜ್ಞೆಯಲ್ಲಿ ನಮಗೆ ಅನುಕೂಲವಾದ ಸಾಲನ್ನು ಆಯ್ದುಕೊಂಡು ಉಳಿದುದನ್ನು ಮಡಚಿಡುವ ಈ ಚಾಳಿ ಅರಮನೆಗಳಿಗೆ ಮಾತ್ರ ಸೀಮಿತವಲ್ಲವೆಂಬುದನ್ನು ಮುಂದೆ ನೋಡೋಣ.

ನವಾಬ್ ಹಮೀದುಲ್ಲಾ ಖಾನರಿಗೆ ಗಂಡುಮಕ್ಕಳಿರಲಿಲ್ಲ. ಆಬಿದಾ ಸುಲ್ತಾನ್, ಸಾಜಿದಾ ಸುಲ್ತಾನ್, ರಾಬಿಯಾ ಸುಲ್ತಾನ್ ಎಂಬ ಮೂವರು ಹೆಣ್ಣುಮಕ್ಕಳು. ಹಿರಿಯಳಾದ ಆಬಿದಾರನ್ನು 1928ರಲ್ಲಿ ಉತ್ತರಾಧಿಕಾರಿಯೆಂದು ಅಂಗೀಕರಿಸಲಾಯಿತು. 1949ರಲ್ಲಿ ಭೋಪಾಲ ಭಾರತದಲ್ಲಿ ವಿಲೀನವಾಯಿತು. 1950ರಲ್ಲಿ ಆಬಿದಾ ಪಾಕಿಸ್ತಾನಕ್ಕೆ ತೆರಳಿದರು. ಸಾಜಿದಾ ಭಾರತದಲ್ಲೇ ಉಳಿದರು. ಅವರ ಪತಿ ಪಟೌಡಿಯ ನವಾಬ್, ಕ್ರಿಕೆಟಿಗ ಇಫ್ತಿಕಾರ್ ಅಲಿ ಖಾನ್. ಮಗ ಭಾರತ ಕ್ರಿಕೆಟ್ ತಂಡದ ನಾಯಕರಾಗಿದ್ದ ಮನ್ಸೂರ್ ಅಲಿ ಖಾನ್. 1960ರ ಫೆಬ್ರವರಿಯಲ್ಲಿ ಹಮೀದುಲ್ಲಾ ಖಾನ್ ನಿಧನರಾದರು. 1962ರ ಜನವರಿಯಲ್ಲಿ ಭಾರತ ಸರಕಾರ ಸಾಜಿದಾರನ್ನು ಅವರ ಉತ್ತರಾಧಿಕಾರಿಯೆಂದು ಮಾನ್ಯ ಮಾಡಿತು.

ಈಗ ಒಂದು ಲೆಕ್ಕ ಮಾಡೋಣ. ನವಾಬರೆಂಬ ಬಿರುದನ್ನು ಬದಿಗಿಟ್ಟು, ಹಮೀದುಲ್ಲಾ ಖಾನರನ್ನು ಸಾಮಾನ್ಯ ಮುಸ್ಲಿಮನೊಬ್ಬನಂತೆ ಪರಿಗಣಿಸಿದರೆ ಅವರ ಸ್ವಂತ ಆಸ್ತಿ ಹೇಗೆ ಹಂಚಿಹೋಗಬೇಕಿತ್ತು? ಪತ್ನಿಯ ಪಾಲು ಎಂಟನೇ ಒಂದು; ಒಬ್ಬರಿಗಿಂತ ಹೆಚ್ಚಿದ್ದರೆ ಅದನ್ನೇ ಸಮನಾಗಿ ಹಂಚಿಕೊಳ್ಳಬೇಕು. ಗಂಡುಮಕ್ಕಳಿಲ್ಲದಿರುವಾಗ ಇಬ್ಬರು ಅಥವಾ ಅದಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿಗೆ ಒಟ್ಟು ಮೂರರಲ್ಲಿ ಎರಡು. ಉಳಿದುದು ತಂದೆಯ ಕಡೆಯ ಸಮೀಪದ ಗಂಡು ಬಂಧುಗಳಿಗೆ. ಅಂದರೆ ಆಸ್ತಿಯನ್ನು 24 ಪಾಲು ಮಾಡಿದರೆ ಪತ್ನಿ ಭಾಗಕ್ಕೆ 3, ಹೆಣ್ಣುಮಕ್ಕಳಿಗೆ 16, ಬಂಧುಗಳಿಗೆ 5. ಮೂವರು ಸಹೋದರಿಯರಿಗೂ ಸರಿಸಮಾನ ಪಾಲು. ಹಿರಿಯಳೆಂದು ಆಬಿದಾರಿಗೆ ಒಂದು ಕಾಸು ಹೆಚ್ಚಿಲ್ಲ, ಸರಕಾರ ಮಾನ್ಯ ಮಾಡಿತೆಂದು ಸಾಜಿದಾರಿಗೆ ಹೆಚ್ಚಿಲ್ಲ, ಕಿರಿಯಳೆಂದು ರಾಬಿಯಾರಿಗೆ ಕಡಿಮೆಯಿಲ್ಲ. ನೂರು ರೂಪಾಯಿಯಲ್ಲಿ ತಲಾ ಸುಮಾರು 22 ರೂಪಾಯಿ.

ಉಹುದ್‌ನ ಅನಾಥ ಹೆಣ್ಣುಮಕ್ಕಳು

ಈ ಲೆಕ್ಕ ಹೊಸದಲ್ಲ. ಹದಿನಾಲ್ಕು ಶತಮಾನಗಳ ಹಿಂದೆ ಮದೀನಾದ ಒಂದು ಮನೆಯಲ್ಲಿ ಇದೇ ಲೆಕ್ಕ ಮೊದಲ ಬಾರಿಗೆ ಜಾರಿಗೆ ಬಂತು. ಹಿಜರಿ 3ನೇ ವರ್ಷ, ಅಂದರೆ ಕ್ರಿ.ಶ. 625ರಲ್ಲಿ, ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀಅ್(ರ) ಹುತಾತ್ಮರಾದರು. ಅವರು ಬಿಟ್ಟುಹೋದದ್ದು ಪತ್ನಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು. ಅಂದಿನ ಅರಬರ ರೂಢಿಯಂತೆ, ಖಡ್ಗ ಹಿಡಿಯುವವನಿಗೆ ಮಾತ್ರ ಆಸ್ತಿ. ಸಅದ್‌ರ ಸಹೋದರ ಬಂದು ಸರ್ವಸ್ವವನ್ನೂ ವಶಪಡಿಸಿಕೊಂಡ. ಆ ವಿಧವೆ ಸುಮ್ಮನಿರಲಿಲ್ಲ. ಮಕ್ಕಳಿಬ್ಬರನ್ನೂ ಕರೆದುಕೊಂಡು ಪ್ರವಾದಿ(ಸ)ಯವರ ಬಳಿಗೆ ಬಂದು, ಇವರ ತಂದೆ ತಮ್ಮ ಜೊತೆಗಿದ್ದು ಹುತಾತ್ಮರಾದರು, ಚಿಕ್ಕಪ್ಪ ಎಲ್ಲವನ್ನೂ ಕಿತ್ತುಕೊಂಡಿದ್ದಾನೆ, ಸೊತ್ತಿಲ್ಲದೆ ಇವರ ವಿವಾಹ ಹೇಗೆ ನಡೆದೀತು ಎಂದು ದೂರಿತ್ತರು. ಅಲ್ಲಾಹನೇ ಇದನ್ನು ತೀರ್ಮಾನಿಸುವನು ಎಂದು ಪ್ರವಾದಿ(ಸ) ಉತ್ತರಿಸಿದರು. ಆ ಬಳಿಕ ವಾರೀಸು ಹಕ್ಕಿನ ಸೂಕ್ತಗಳು ಅವತೀರ್ಣಗೊಂಡವು. ಚಿಕ್ಕಪ್ಪನನ್ನು ಕರೆಸಲಾಯಿತು. ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು, ಅವರ ತಾಯಿಗೆ ಎಂಟನೇ ಒಂದು ಕೊಡು, ಉಳಿದುದು ನಿನ್ನದು ಎಂದು ಆಜ್ಞಾಪಿಸಲಾಯಿತು.

16, 3, 5. ಹಮೀದುಲ್ಲಾ ಖಾನರ ಅರಮನೆಯ ಲೆಕ್ಕವೂ ಅದೇ, ಸಅದ್(ರ)ರ ಮನೆಯ ಲೆಕ್ಕವೂ ಅದೇ. ಪತ್ನಿ, ಹೆಣ್ಣುಮಕ್ಕಳು, ತಂದೆಯ ಕಡೆಯ ಬಂಧು. ಮದೀನಾದ ವಿಧವೆಯ ದೂರಿಗೆ ಆಕಾಶದಿಂದ ಬಂದ ಉತ್ತರ 1960ರಲ್ಲಿ ಭೋಪಾಲದ ಮೂವರು ಸಹೋದರಿಯರಿಗೂ ಯಥಾವತ್ತಾಗಿ ಅನ್ವಯಿಸುತ್ತಿತ್ತು. ಅನ್ವಯಿಸಲು ಅಡ್ಡಿಯಾದದ್ದು ಗದ್ದುಗೆ.

ಸಅದ್(ರ)ರ ಮನೆಯ ಈ ಪ್ರಸಂಗವನ್ನು ನಮಗೆ ವರದಿ ಮಾಡಿದವರು ಹ. ಜಾಬಿರ್ ಬಿನ್ ಅಬ್ದುಲ್ಲಾ(ರ). ಅವರ ಸ್ವಂತ ಕತೆಯೂ ಇದಕ್ಕೆ ಹೊರತಲ್ಲ. ಅವರ ತಂದೆಯೂ ಉಹುದ್‌ನಲ್ಲೇ ಹುತಾತ್ಮರಾದವರು. ಮಗನ ಹೆಗಲಿಗೆ ಬಂದದ್ದು ತಂದೆಯ ಸಾಲ ಮತ್ತು ಹಲವು ಮಂದಿ ಸಹೋದರಿಯರು. ಏಳು ಎಂದೂ ಒಂಬತ್ತು ಎಂದೂ ವರದಿಗಳಿವೆ. ಖರ್ಜೂರದ ಫಸಲಿನಿಂದ ಅವರು ಮೊದಲು ತಂದೆಯ ಸಾಲ ತೀರಿಸಿದರು. ತರುಣರಾಗಿದ್ದ ಜಾಬಿರ್ ವಿವಾಹವಾದದ್ದು ಮೊದಲೇ ವಿವಾಹವಾಗಿದ್ದ ಓರ್ವ ಮಹಿಳೆಯನ್ನು. ಕನ್ಯೆಯನ್ನೇಕೆ ವಿವಾಹವಾಗಲಿಲ್ಲವೆಂದು ಪ್ರವಾದಿ(ಸ) ಕೇಳಿದಾಗ, ಮನೆಯಲ್ಲಿ ಸಹೋದರಿಯರಿದ್ದಾರೆ, ಅವರ ತಲೆ ಬಾಚಿ ಲಾಲನೆಪಾಲನೆ ಮಾಡಬಲ್ಲ ಪ್ರಬುದ್ಧೆಯೊಬ್ಬಳು ಬೇಕಿತ್ತು ಎಂದರು. ಪ್ರವಾದಿ(ಸ) ಅದನ್ನು ಮೆಚ್ಚಿದರು. ಮುಂದೆ ಜಾಬಿರ್ ಕಾಯಿಲೆ ಬಿದ್ದು ಪ್ರಜ್ಞೆ ತಪ್ಪಿದಾಗ ಪ್ರವಾದಿ(ಸ) ಅವರನ್ನು ನೋಡಲು ನಡೆದೇ ಬಂದರು. ಎಚ್ಚರಗೊಂಡ ಜಾಬಿರ್ ಕೇಳಿದ್ದು ಒಂದೇ: ನನ್ನ ಸೊತ್ತನ್ನು ಏನು ಮಾಡಲಿ? ನನ್ನ ಹಿಂದೆ ಸಹೋದರಿಯರಿದ್ದಾರೆ. ಸಹೋದರಿಯರ ಪಾಲನ್ನು ನಿಗದಿಪಡಿಸಿದ ಸೂರಃ ಅನ್ನಿಸಾದ ಕೊನೆಯ ಸೂಕ್ತ ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಅವತೀರ್ಣವಾಯಿತೆಂದು ವರದಿಗಳು ಹೇಳುತ್ತವೆ.

ಸಹೋದರಿಯರಿಗಾಗಿ ತನ್ನ ವಿವಾಹದ ಆಯ್ಕೆಯನ್ನೇ ಬದಲಿಸಿಕೊಂಡ ಸಹೋದರ. ಮರಣಶಯ್ಯೆಯೆಂದು ಭಾವಿಸಿದ ಹಾಸಿಗೆಯಲ್ಲೂ ಅವರ ಪಾಲಿನ ಬಗ್ಗೆಯೇ ಚಿಂತಿಸಿದ ಸಹೋದರ. ನಮ್ಮ ಚರಿತ್ರೆಯಲ್ಲಿ ಹೆಮ್ಮೆಪಡಲು ಭೋಪಾಲದ ಸಿಂಹಾಸನಕ್ಕಿಂತ ದೊಡ್ಡದಾದ ಈ ಮನೆ ಇರುವಾಗ, ಅದನ್ನು ನಮ್ಮ ಸಭೆಗಳಲ್ಲಿ ನೆನಪಿಸುವವರೇಕೆ ಇಷ್ಟು ವಿರಳ? ನೆನಪಿಸಿದರೆ ಸಭಿಕರಲ್ಲಿ ಬಹುಮಂದಿ ತಲೆ ತಗ್ಗಿಸಬೇಕಾದೀತೆಂಬ ಭಯವೇ?

ಗದ್ದುಗೆ ಅಳಿಯಿತು, ಅದರ ನ್ಯಾಯ ಅಳಿಯಲಿಲ್ಲ

ಇಡೀ ಆಸ್ತಿ ಒಬ್ಬ ವಾರಸುದಾರನಿಗೆ ಸೇರುತ್ತದೆಂಬುದು ಗದ್ದುಗೆಯ ನ್ಯಾಯ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜರ ಮಾನ್ಯತೆಯನ್ನೂ ರಾಜಧನವನ್ನೂ ರದ್ದುಗೊಳಿಸಿತು. ಆದರೆ ಗದ್ದುಗೆಯ ನ್ಯಾಯ ನ್ಯಾಯಾಲಯದ ಕಡತಗಳಲ್ಲಿ ಇನ್ನೂ ಅರ್ಧ ಶತಮಾನ ಉಸಿರಾಡಿತು. ರಾಮಪುರದ ನವಾಬ್ ರಝಾ ಅಲಿ ಖಾನ್ 1966ರಲ್ಲಿ ನಿಧನರಾದಾಗ ಮೂವರು ಪತ್ನಿಯರು, ಮೂವರು ಗಂಡುಮಕ್ಕಳು, ಆರು ಮಂದಿ ಹೆಣ್ಣುಮಕ್ಕಳು ಇದ್ದರು. ಹಿರಿಯ ಮಗ ಮುರ್ತಝಾ ಅಲಿ ಖಾನ್ ಎಲ್ಲವೂ ತನ್ನದೆಂದರು. ಸರಕಾರವೂ ಅದಕ್ಕೆ ಮುದ್ರೆಯೊತ್ತಿತು. ಕುಟುಂಬದ ವಾರಸುದಾರರಲ್ಲೊಬ್ಬರಾದ ತಲತ್ ಫಾತಿಮಾ ಹಸನ್ ಮತ್ತಿತರರು ಹೂಡಿದ ಹೋರಾಟ ದಶಕಗಳ ಕಾಲ ನಡೆಯಿತು. 1990ರ ದಶಕದಲ್ಲಿ ಅಲಹಾಬಾದ್ ಹೈಕೋರ್ಟ್ ಹಿರಿಯ ಮಗನ ಪರವಾಗಿ ತೀರ್ಪಿತ್ತಿತು. ಕೊನೆಗೆ 2019ರ ಜುಲೈ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ನವಾಬರ ಖಾಸಗಿ ಆಸ್ತಿ ಮುಸ್ಲಿಮ್ ವೈಯಕ್ತಿಕ ಕಾನೂನಿನಂತೆಯೇ ಹಂಚಿಕೆಯಾಗಬೇಕೆಂದು ಸಾರಿತು. ರಾಜ್ಯಭಾರವಿಲ್ಲದ ರಾಜನ ಆಸ್ತಿ ಪ್ರಜೆಯ ಆಸ್ತಿಯಂತೆಯೇ ಎಂಬ ಸರಳ ಸತ್ಯವನ್ನು ಒಪ್ಪಿಸಲು ಒಂದು ಮುಸ್ಲಿಮ್ ಕುಟುಂಬ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಕುರ್‌ಆನ್ ಮನೆಯಲ್ಲೇ ಇತ್ತಲ್ಲ!

ಭೋಪಾಲದ ಕತೆಯೂ ಅದೇ ಹಾದಿಯಲ್ಲಿದೆ. ನವಾಬರ ಅಣ್ಣನ ವಂಶಸ್ಥರು ಮತ್ತಿತರರು ಶರೀಅತ್‌ನಂತೆ ಪಾಲು ಕೋರಿ 1999ರಲ್ಲಿ ದಾವೆ ಹೂಡಿದರು. 2000ದ ಫೆಬ್ರವರಿಯಲ್ಲಿ ಕೆಳ ನ್ಯಾಯಾಲಯ ಅದನ್ನು ವಜಾ ಮಾಡಿತು. ಅದು ಆಧಾರವಾಗಿಟ್ಟುಕೊಂಡದ್ದು ರಾಮಪುರ ಪ್ರಕರಣದ ಆ ಅಲಹಾಬಾದ್ ತೀರ್ಪನ್ನೇ. ಆ ತೀರ್ಪು ಬಿದ್ದುಹೋಗಿದೆಯಾದ್ದರಿಂದ 2025ರ ಜೂನ್ 30ರಂದು ಮಧ್ಯಪ್ರದೇಶ ಹೈಕೋರ್ಟ್ ಹೊಸದಾಗಿ ವಿಚಾರಣೆ ನಡೆಸುವಂತೆ ಆದೇಶಿಸಿತು. ಅದೇ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ಆದೇಶಕ್ಕೆ ತಡೆ ನೀಡಿತು. ಯಾರಿಗೆ ಎಷ್ಟು ಎಂದು ನ್ಯಾಯಾಲಯ ತೀರ್ಮಾನಿಸಲಿ, ಅದು ಅದರ ಕೆಲಸ. ನಮ್ಮ ಪ್ರಶ್ನೆ ಬೇರೆ. 1960ರಲ್ಲೇ ಒಬ್ಬ ಆಲಿಮರು, ಒಂದು ಕಾಗದ, ಒಂದು ಲೇಖನಿ ಕುಳಿತು ಮುಗಿಸಬಹುದಾಗಿದ್ದ ಕೆಲಸ ಮೂರು ತಲೆಮಾರುಗಳ ವ್ಯಾಜ್ಯವಾದುದು ಹೇಗೆ? ದೇವನ ಲೆಕ್ಕಕ್ಕಿಂತ ಗದ್ದುಗೆಯ ಲೆಕ್ಕ ರುಚಿಸಿದ್ದರಿಂದ.

ಸರಕಾರ ಬೀಸಿದ ಬಲೆ

ಈ ಕತೆಯಲ್ಲಿ ಇನ್ನೊಬ್ಬ ಪಾತ್ರಧಾರಿಯಿದ್ದಾನೆ, ಪ್ರಭುತ್ವ. 2015ರ ಫೆಬ್ರವರಿಯಲ್ಲಿ ಶತ್ರು ಆಸ್ತಿಗಳ ಪಾಲಕರು ಭೋಪಾಲ ನವಾಬರ ಆಸ್ತಿಯನ್ನು 'ಶತ್ರು ಆಸ್ತಿ' ಎಂದು ಘೋಷಿಸಿದರು. ಕಾರಣ, ಉತ್ತರಾಧಿಕಾರಿಯಾಗಿದ್ದ ಹಿರಿಯ ಮಗಳು ಆಬಿದಾ ಪಾಕಿಸ್ತಾನಕ್ಕೆ ಹೋಗಿದ್ದರು. ಪತ್ರಿಕೆಗಳು ಅಂದಾಜು 15,000 ಕೋಟಿ ರೂಪಾಯಿಯ ಆಸ್ತಿ ಎಂದು ಬರೆದವು. ಮಧ್ಯಪ್ರದೇಶ ಹೈಕೋರ್ಟ್ ನೀಡಿದ್ದ ತಡೆಯಾಜ್ಞೆ 2024ರ ಡಿಸೆಂಬರ್‌ನಲ್ಲಿ ತೆರವಾಯಿತು.

ಈ ವಾದದೊಳಗಿನ ವಿರೋಧಾಭಾಸವನ್ನು ನೋಡಿ. 1962ರಲ್ಲಿ ಇದೇ ಭಾರತ ಸರಕಾರಕ್ಕೆ ಉತ್ತರಾಧಿಕಾರಿ ಸಾಜಿದಾ. ಅವರು ಭಾರತದ ಪ್ರಜೆ. 2015ರಲ್ಲಿ ಆಸ್ತಿ ಕಿತ್ತುಕೊಳ್ಳುವ ಪ್ರಮೇಯ ಬಂದಾಗ ಉತ್ತರಾಧಿಕಾರಿ ಆಬಿದಾ! ಎರಡೂ ಸಲ ಸರಕಾರ ಕೈಗೆತ್ತಿಕೊಂಡದ್ದು 'ಒಬ್ಬನಿಗೇ ಎಲ್ಲ' ಎಂಬ ಗದ್ದುಗೆಯ ನ್ಯಾಯವನ್ನೇ. ಶರೀಅತ್‌ನ ಲೆಕ್ಕದಲ್ಲಿ ಆಬಿದಾರ ಪಾಲು ಒಂಬತ್ತರಲ್ಲಿ ಎರಡು ಮಾತ್ರ. ಉಳಿದ ಏಳು ಭಾಗ ಎಂದೂ ಅವರದಾಗಿರಲಿಲ್ಲ. ವಲಸೆ ಹೋದ ಒಬ್ಬ ಅಕ್ಕನ ಹೆಸರಿನಲ್ಲಿ ಇಲ್ಲೇ ಉಳಿದ ತಂಗಿಯ, ತಾಯಿಯ, ದಾಯಾದಿಗಳ ಪಾಲು 'ಶತ್ರು'ವಿನದಾಗುವುದು ಯಾವ ನ್ಯಾಯ? ಕುಟುಂಬಗಳು ತಾವೇ ಗದ್ದುಗೆಯ ನ್ಯಾಯವನ್ನು ಒಪ್ಪಿಕೊಂಡು ಕುಳಿತಿದ್ದವು. ಅದೇ ಹಗ್ಗವನ್ನು ಹಿಡಿದು ಸರಕಾರ ಇಡೀ ಮನೆಯನ್ನು ಎಳೆದುಕೊಂಡಿತು.

1968ರ ಶತ್ರು ಆಸ್ತಿ ಕಾಯ್ದೆಗೆ 2017ರ ಮಾರ್ಚ್‌ನಲ್ಲಿ ಸಂಸತ್ತು ತಂದ ತಿದ್ದುಪಡಿಯಂತೂ ಲಜ್ಜೆಯನ್ನೇ ತೊರೆದಿದೆ. ಮಹಮೂದಾಬಾದ್‌ನ ರಾಜಾ ಪಾಕಿಸ್ತಾನದ ಪೌರತ್ವ ಪಡೆದಿದ್ದರು. ಅವರ ಮಗ ಭಾರತದ ಪ್ರಜೆ. 2005ರಲ್ಲಿ ಸುಪ್ರೀಂ ಕೋರ್ಟ್ ಮಗನ ಹಕ್ಕನ್ನು ಎತ್ತಿಹಿಡಿದಿತ್ತು. ಆ ತೀರ್ಪಿನ ಫಲವನ್ನು ಅಳಿಸಿಹಾಕಲೆಂದೇ ತಿದ್ದುಪಡಿ ಬಂತು. ಅದರ ಪ್ರಕಾರ ಶತ್ರುವಿನ ವಾರಸುದಾರ ಭಾರತದ ಪ್ರಜೆಯಾಗಿದ್ದರೂ ಆತ ಶತ್ರುವೇ. ಅಂಥ ಆಸ್ತಿಗೆ ಯಾವ ಉತ್ತರಾಧಿಕಾರ ಕಾನೂನೂ ಅನ್ವಯಿಸದು. ಅದೂ ಪೂರ್ವಾನ್ವಯವಾಗಿ! ಮುಸ್ಲಿಮ್ ಮಹಿಳೆಯ ವಿಮೋಚನೆಯ ಹೆಸರಿನಲ್ಲಿ ಆಳುವ ಪಕ್ಷ ತಲಾಕ್ ಕುರಿತು ದೇಶದಾದ್ಯಂತ ಕಣ್ಣೀರು ಹರಿಸುತ್ತಿದ್ದುದೂ ಇದೇ 2017ರಲ್ಲಿ. ಮಹಿಳೆಯ ವಾರೀಸು ಹಕ್ಕನ್ನು ಒಂದು ಕೈಯಿಂದ ಕಿತ್ತುಕೊಳ್ಳುತ್ತಾ ಇನ್ನೊಂದು ಕೈಯಿಂದ ಆಕೆಯ ಕಣ್ಣೊರೆಸುವುದನ್ನು ಕರುಣೆ ಎಂದು ನಂಬಲು ನಾವು ಮೂಢರಲ್ಲ.

ನಮ್ಮ ಮನೆಯ ಗದ್ದುಗೆಗಳು

ಪ್ರಭುತ್ವವನ್ನು ಟೀಕಿಸುವುದು ಸುಲಭ. ಚಪ್ಪಾಳೆಯೂ ಸಿಗುತ್ತದೆ. ಆದರೆ ಲೇಖನವನ್ನು ಇಲ್ಲಿಗೆ ಮುಗಿಸಿದರೆ ಅದು ಆತ್ಮವಂಚನೆಯಾದೀತು. ಗದ್ದುಗೆಯ ನ್ಯಾಯಕ್ಕೆ ನವಾಬರೇ ಬೇಕಿಲ್ಲ. ಅರ್ಧ ಎಕರೆ ಅಡಿಕೆ ತೋಟ, ಪೇಟೆಯ ಒಂದು ಅಂಗಡಿ ಕೋಣೆ, ಹೆಂಚಿನ ಮನೆ ಇಷ್ಟಿದ್ದರೆ ಸಾಕು, ಅಲ್ಲೊಂದು ಗದ್ದುಗೆ ಸಿದ್ಧವಾಗುತ್ತದೆ. ಗಂಡುಮಕ್ಕಳು ಅದರ ಮೇಲೆ ಕುಳಿತುಕೊಳ್ಳುತ್ತಾರೆ.

ನಡೆಯುವ ಕ್ರಮ ಎಲ್ಲರಿಗೂ ಗೊತ್ತಿದೆ. ತಂದೆ ತೀರಿಕೊಂಡ ಬಳಿಕ ಖಾತೆ ಬದಲಾವಣೆಗೆ ವಂಶವೃಕ್ಷ ಬೇಕು. ಆ ವೃಕ್ಷದಲ್ಲಿ ಗಂಡುಮಕ್ಕಳ ಕೊಂಬೆಗಳು ಮಾತ್ರ ಚಿಗುರುತ್ತವೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಆ ಮರದಲ್ಲಿ ಹುಟ್ಟಿಯೇ ಇರಲಿಲ್ಲವೇನೋ ಎಂಬಂತೆ ಅವರ ಹೆಸರೇ ಇರುವುದಿಲ್ಲ. ಹೆಸರು ಬಿಡಲಾಗದ ಕಡೆ ಹಕ್ಕು ಬಿಡುಗಡೆ ಪತ್ರ ಸಿದ್ಧವಾಗುತ್ತದೆ. ಸಹೋದರಿಯನ್ನು ಕಾರಿನಲ್ಲಿ ಕೂರಿಸಿ ಉಪನೋಂದಣಿ ಕಚೇರಿಗೆ ಕರೆದೊಯ್ದು ಹೆಬ್ಬೆಟ್ಟೊತ್ತಿಸಿ, ಮರಳುವಾಗ ಒಂದು ಸೀರೆ ಕೊಡಿಸಿದರೆ ಧರ್ಮಕಾರ್ಯ ಮುಗಿಯಿತು. ಆಕೆ ಪಾಲು ಕೇಳಿದರೋ, 'ತವರಿನ ಬಾಗಿಲು ಬೇಡವೇ ನಿನಗೆ?' ಎಂಬ ಒಂದೇ ಪ್ರಶ್ನೆ. ಗಂಡನ ಮನೆಯಲ್ಲಿ ಏನಾದರೂ ಸಂಭವಿಸಿದರೆ ಮರಳಲು ಇರುವ ಒಂದೇ ಬಾಗಿಲನ್ನು ಯಾವ ಹೆಣ್ಣುಮಗಳು ತಾನಾಗಿ ಮುಚ್ಚಿಕೊಂಡಾಳು? ಆಕೆ ಸಹಿ ಹಾಕುತ್ತಾಳೆ. ಆ ಸಹಿಯನ್ನು ನಾವು 'ಸ್ವಇಚ್ಛೆ' ಎಂದು ಕರೆಯುತ್ತೇವೆ.

ನೆಪಗಳಿಗೂ ಕೊರತೆಯಿಲ್ಲ. ಮದುವೆಯ ಸಮಯದಲ್ಲಿ ಚಿನ್ನ, ವರದಕ್ಷಿಣೆ ಕೊಟ್ಟಾಗಿದೆ, ಅದೇ ಅವಳ ಪಾಲು ಎನ್ನುತ್ತಾರೆ. ವರದಕ್ಷಿಣೆ ಇಸ್ಲಾಮಿನಲ್ಲಿ ಇಲ್ಲವೇ ಇಲ್ಲ. ಇಲ್ಲದ ಒಂದು ಅನಾಚಾರವನ್ನು ಕೊಟ್ಟು, ಇರುವ ಒಂದು ಹಕ್ಕನ್ನು ಕಿತ್ತುಕೊಳ್ಳುವುದು ಯಾವ ವಹಿವಾಟು? ಮೇಲಾಗಿ, ತಂದೆ ಬದುಕಿರುವಾಗ ವಾರೀಸು ಹಕ್ಕು ಹುಟ್ಟುವುದೇ ಇಲ್ಲ. ಹುಟ್ಟದ ಹಕ್ಕನ್ನು ಮುಂಗಡವಾಗಿ ತೀರಿಸಿದೆನೆಂದು ಹೇಳಲು ಬಾರದು. ಸಹೋದರಿ ಬಿಟ್ಟುಕೊಡಬಹುದು, ನಿಜ. ಆದರೆ ಮೊದಲು ಪಾಲು ಅಳೆದು ಆಕೆಯ ಕೈಗೆ ಬರಲಿ, ಆಕೆಯ ಹೆಸರಿಗೆ ದಾಖಲಾಗಲಿ. ಆ ಬಳಿಕ ಆಕೆ ಕೊಟ್ಟರೆ ಅದು ಕೊಡುಗೆ. ಅದಕ್ಕೆ ಮೊದಲು ಪಡೆದುದು ಕಸಿದುಕೊಂಡದ್ದು.

ನಮ್ಮ ಹಿರಿಯರಿಗೆ ಈ ರೋಗದ ಅರಿವಿತ್ತು. 1937ರ ಶರೀಅತ್ ಅನ್ವಯ ಕಾಯ್ದೆ ಹುಟ್ಟಿದ್ದೇ ಹೆಣ್ಣುಮಕ್ಕಳ ಪಾಲನ್ನು ನುಂಗುತ್ತಿದ್ದ ರೂಢಿ ಕಾನೂನನ್ನು ತೊಡೆದುಹಾಕಲು. ಮುಸ್ಲಿಮ್ ಮಹಿಳಾ ಸಂಘಟನೆಗಳು ಆ ರೂಢಿಯನ್ನು ಖಂಡಿಸಿದ್ದವು. ಜಮೀಯತುಲ್ ಉಲಮಾ ಕಾಯ್ದೆಯನ್ನು ಬೆಂಬಲಿಸಿತ್ತು. ಆದರೂ ಆ ಕಾಯ್ದೆಯಲ್ಲಿ ಒಂದು ಕಿಂಡಿಯನ್ನು ಬಿಡಲಾಯಿತು. ಕೃಷಿ ಭೂಮಿಗೆ ಅದು ಅನ್ವಯಿಸದು ಎಂದಾಯಿತು. ಕೃಷಿಯೇ ಆಸ್ತಿಯಾಗಿದ್ದ ದೇಶದಲ್ಲಿ ಕೃಷಿ ಭೂಮಿಯನ್ನು ಹೊರಗಿಟ್ಟು ಹೆಣ್ಣಿಗೆ ಹಕ್ಕು ಕೊಡುವುದೆಂದರೆ ಬಾವಿಯನ್ನು ಬಿಟ್ಟು ಹಗ್ಗವನ್ನು ಕೊಟ್ಟಂತೆ. 1949ರಲ್ಲಿ ಅಂದಿನ ಮದ್ರಾಸ್ ಪ್ರಾಂತ ತನ್ನ ಮಟ್ಟಿಗೆ ಈ ಕಿಂಡಿಯನ್ನು ಮುಚ್ಚಿತು. ಇಂದಿನ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಪ್ರದೇಶ ಆಗ ಆ ಪ್ರಾಂತದಲ್ಲೇ ಇತ್ತು. ಕಾನೂನಿನ ಕಿಂಡಿಯನ್ನು ಮುಚ್ಚಬಹುದು. ಮನದ ಕಿಂಡಿಯನ್ನು ಮುಚ್ಚುವವರಾರು?

ಅರ್ಧವನ್ನು ಸಮರ್ಥಿಸುವವರಿಗೆ ಒಂದು ಮಾತು

ಏಕರೂಪ ನಾಗರಿಕ ಸಂಹಿತೆಯ ಚರ್ಚೆ ಬಂದಾಗಲೆಲ್ಲ, ಮಗಳಿಗೆ ಮಗನ ಅರ್ಧವೇಕೆ ಎಂದು ಕೇಳುತ್ತಾರೆ. ಉತ್ತರಾಖಂಡದಲ್ಲಿ 2025ರ ಜನವರಿಯಲ್ಲಿ ಅಂಥ ಸಂಹಿತೆ ಜಾರಿಗೂ ಬಂತು. ನಮ್ಮ ಉತ್ತರ ಸಿದ್ಧವಿದೆ: ಗಂಡಿನ ಮೇಲೆ ಪತ್ನಿಯ, ಮಕ್ಕಳ, ತಂದೆತಾಯಿಯ, ಆಸರೆಯಿಲ್ಲದ ಸಹೋದರಿಯ ಪೋಷಣೆಯ ಹೊಣೆಯಿದೆ, ಹೆಣ್ಣಿನ ಸಂಪತ್ತು ಸಂಪೂರ್ಣವಾಗಿ ಅವಳದೇ, ಆದ್ದರಿಂದ ಈ ವ್ಯತ್ಯಾಸ ನ್ಯಾಯಬದ್ಧ. ಈ ಉತ್ತರ ಸರಿಯಾದುದೇ. ಆದರೆ ಅದನ್ನು ನೀಡಲು ನಮಗೆ ಯೋಗ್ಯತೆಯಿದೆಯೇ? ಅರ್ಧವನ್ನು ವೇದಿಕೆಯಲ್ಲಿ ಸಮರ್ಥಿಸಿ, ಮನೆಯಲ್ಲಿ ಆ ಅರ್ಧವನ್ನೂ ಕೊಡದವನು ಶರೀಅತ್‌ನ ವಕೀಲನಲ್ಲ, ಅದರ ವಿರುದ್ಧ ಸಾಕ್ಷಿ. ಎರಡು ಪಾಲನ್ನು ಹೊಣೆಯ ಹೆಸರಿನಲ್ಲಿ ಪಡೆದು, ವಿಧವೆಯಾಗಿ ಮರಳಿದ ತಂಗಿಯನ್ನು ಅಡುಗೆಮನೆಯ ಮೂಲೆಗೆ ತಳ್ಳುವವನ ಮುಂದೆ ಯಾವ ವಾದ ತಾನೇ ನಿಂತೀತು?

2023ರ ಮಾರ್ಚ್ 8ರಂದು ನೆರೆಯ ಕಾಸರಗೋಡು ಜಿಲ್ಲೆಯಲ್ಲಿ ಮೂವರು ಹೆಣ್ಣುಮಕ್ಕಳ ತಂದೆಯಾದ ವಕೀಲರೊಬ್ಬರು ತಮ್ಮ ಪತ್ನಿಯೊಂದಿಗೆ ವಿಶೇಷ ವಿವಾಹ ಕಾಯ್ದೆಯಡಿ ಮರುವಿವಾಹ ನೋಂದಾಯಿಸಿಕೊಂಡರು. ತಮ್ಮ ಮರಣಾನಂತರ ಆಸ್ತಿಯ ಒಂದಂಶ ಸಹೋದರರಿಗೆ ಹೋಗದೆ ಪೂರ್ತಿಯಾಗಿ ಹೆಣ್ಣುಮಕ್ಕಳಿಗೇ ಸಿಗಲೆಂಬುದು ಅವರ ಉದ್ದೇಶವಾಗಿತ್ತು. ಮತ್ತೆ ಅದೇ ಮೂವರು ಸಹೋದರಿಯರು, ಅದೇ ಲೆಕ್ಕ! ನಮ್ಮಲ್ಲಿ ಹಲವರು ಅವರನ್ನು ಉಗ್ರವಾಗಿ ಖಂಡಿಸಿದರು. ಅವರ ನಿಲುವನ್ನು ನಾವೂ ಒಪ್ಪುವುದಿಲ್ಲ. ಬದುಕಿರುವಾಗಲೇ ಮಕ್ಕಳಿಗೆ ಹಿಬಾ, ಅಂದರೆ ದಾನ, ಮಾಡುವ ಮಾರ್ಗ ಶರೀಅತ್‌ನೊಳಗೇ ತೆರೆದಿದೆ. ಆದರೆ ಅವರನ್ನು ಖಂಡಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರಿಸೋಣ. ಅಣ್ಣನ ಅನಾಥ ಹೆಣ್ಣುಮಕ್ಕಳಿಗೆ ಚಿಕ್ಕಪ್ಪ ಆಸರೆಯಾಗಿ ನಿಲ್ಲುವನೆಂಬ ಭರವಸೆ ಸಮಾಜದಲ್ಲಿ ಉಳಿದಿದ್ದರೆ, ಒಬ್ಬ ತಂದೆಗೆ ಈ ಭಯ ಹುಟ್ಟುತ್ತಿತ್ತೇ? ಸಅದ್(ರ)ರ ಸಹೋದರನಿಗೆ 5 ಪಾಲು ಸಿಕ್ಕಿತು. ಅದಕ್ಕೆ ಮೊದಲು ಆತ 19 ಪಾಲನ್ನು ಹಿಂದಿರುಗಿಸಬೇಕಾಯಿತು. ನಮ್ಮ ಚಿಕ್ಕಪ್ಪಂದಿರಿಗೆ 5 ನೆನಪಿದೆ, 19 ಮರೆತಿದೆ.

ಆರಂಭಿಸಬೇಕಾದದ್ದು ಎಲ್ಲಿಂದ?

ಸೂರಃ ಅನ್ನಿಸಾದಲ್ಲಿ ವಾರೀಸು ಪಾಲುಗಳನ್ನು ವಿವರಿಸಿದ ಒಡನೆಯೇ, 13 ಮತ್ತು 14ನೇ ಸೂಕ್ತಗಳಲ್ಲಿ, ಇವು ಅಲ್ಲಾಹನ ಮೇರೆಗಳೆಂದು ಸಾರಲಾಗಿದೆ. ಅವನ್ನು ಪಾಲಿಸುವವರಿಗೆ ಸ್ವರ್ಗೋದ್ಯಾನದ ವಾಗ್ದಾನವಿದೆ, ಉಲ್ಲಂಘಿಸುವವರಿಗೆ ನರಕಾಗ್ನಿಯ ಎಚ್ಚರಿಕೆಯಿದೆ. ನಮಾಝ್ ತೊರೆದವನನ್ನು ಜಮಾಅತ್ ಗುರುತಿಸುತ್ತದೆ. ಸಹೋದರಿಯ ಪಾಲನ್ನು ನುಂಗಿದವನು ಅದೇ ಜಮಾಅತ್‌ನ ಅಧ್ಯಕ್ಷನಾಗಿ ಮೊದಲ ಸಾಲಿನಲ್ಲಿ ನಿಲ್ಲುತ್ತಾನೆ. ಮೂರನೇ ಬಾರಿಗೆ ಉಮ್ರಾಕ್ಕೆ ಹೊರಡುತ್ತಾನೆ. ಆತನ ಟಿಕೆಟ್ಟಿನಲ್ಲಿ ಯಾರ ಪಾಲಿನ ಹಣವಿದೆಯೆಂದು ಕೇಳುವವರಿಲ್ಲ.

ಜನಾಝಾದ ಸಮಯದಲ್ಲಿ ನಮ್ಮಲ್ಲೊಂದು ಸತ್ಸಂಪ್ರದಾಯವಿದೆ. ಮೃತರಿಂದ ಯಾರಿಗಾದರೂ ಸಾಲ ಬರಬೇಕಿದ್ದರೆ ವಾರಸುದಾರರನ್ನು ಸಂಪರ್ಕಿಸಿರಿ ಎಂದು ಸಾರಲಾಗುತ್ತದೆ. ಹೊರಗಿನವನ ಸಾಲಕ್ಕೆ ಇಷ್ಟು ಎಚ್ಚರ. ಒಳಗೆ ಅಳುತ್ತಿರುವ ಮಗಳ ಪಾಲಿನ ಬಗ್ಗೆ? ಪತ್ನಿಗೆ ಸಂದಾಯವಾಗದೆ ಉಳಿದ ಮಹ್ರ್ ಕೂಡ ಸಾಲವೇ ಅಲ್ಲವೇ? ಪ್ರತಿಯೊಂದು ಜಮಾಅತ್ ಕಮಿಟಿಯೂ ಮರಣದ ನೋಂದಣಿಯ ಜೊತೆಗೇ ಮೃತರ ಎಲ್ಲ ವಾರಸುದಾರರ ಹೆಸರನ್ನು, ಹೆಣ್ಣುಮಕ್ಕಳ ಸಹಿತ, ಬರೆದಿಡಲಿ. ನಿರ್ದಿಷ್ಟ ಅವಧಿಯೊಳಗೆ ಆಲಿಮರೊಬ್ಬರ ಸಮ್ಮುಖದಲ್ಲಿ ಸಾಲ, ವಸಿಯ್ಯತ್, ಪಾಲುಗಳ ಲೆಕ್ಕ ಲಿಖಿತವಾಗಲಿ. ಹಕ್ಕು ಬಿಡುಗಡೆ ಪತ್ರಕ್ಕೆ ಸಾಕ್ಷಿ ಹಾಕಲು ಜಮಾಅತ್‌ನ ಪದಾಧಿಕಾರಿಗಳು ನಿರಾಕರಿಸಲಿ. ಖತೀಬರು ವರ್ಷಕ್ಕೊಮ್ಮೆಯಾದರೂ ಶುಕ್ರವಾರದ ಖುತುಬಾದಲ್ಲಿ ಹ. ಜಾಬಿರ್(ರ)ರ ಸಹೋದರಿಯರ ಕತೆಯನ್ನು ಹೇಳಲಿ. ಇದಕ್ಕೆ ಸಂಸತ್ತಿನ ಅನುಮತಿ ಬೇಕಿಲ್ಲ, ಸುಪ್ರೀಂ ಕೋರ್ಟಿನ ತೀರ್ಪೂ ಬೇಕಿಲ್ಲ.

ಶರೀಅತ್‌ನ ಮೇಲೆ ಹೊರಗಿನವರು ಕೈಹಾಕಿದಾಗ ನಾವು ಬೀದಿಗಿಳಿಯುತ್ತೇವೆ. ಇಳಿಯಲೇಬೇಕು. ಆದರೆ ಆ ಮೆರವಣಿಗೆಯ ಮುಂಚೂಣಿಯಲ್ಲಿ ಫಲಕ ಹಿಡಿದು ನಡೆಯುವ ಪ್ರತಿಯೊಬ್ಬ ಸಹೋದರನೂ ಮನೆಯಿಂದ ಹೊರಡುವ ಮೊದಲು ಪಹಣಿಯನ್ನೊಮ್ಮೆ ತೆರೆದು ನೋಡಲಿ. ಅದರಲ್ಲಿ ಅಕ್ಕತಂಗಿಯರ ಹೆಸರಿಲ್ಲವಾದರೆ ಆತ ಮೊದಲು ಹೋಗಬೇಕಾದದ್ದು ಮೆರವಣಿಗೆಗಲ್ಲ, ತಾಲೂಕು ಕಚೇರಿಗೆ.